ಮೂವತ್ತು ವರ್ಷ ಆಡಿದವರ ಎದುರು ಕೂತು ಬ್ಯಾಕ್‌ಗ್ಯಾಮನ್ ಕಲಿಯುವುದು ಹೇಗೆ?

ಹೊಸಗರ:

ಎಂಟು ತಿಂಗಳಿಂದ ಬ್ಯಾಕ್‌ಗ್ಯಾಮನ್ ಆಡುತ್ತಿದ್ದೇನೆ (ಎರಡು ದಾಳ ಎಸೆದು ಕಾಯಿಗಳನ್ನು ಬೋರ್ಡಿನ 24 ಮನೆ ದಾಟಿಸಿ, ಮೊದಲು ಎಲ್ಲವನ್ನೂ ಹೊರತೆಗೆದವರು ಗೆಲ್ಲುವ ಆಟ). ವಾರಕ್ಕೊಮ್ಮೆ ನನ್ನೆದುರು ಕೂರುವವರು ಈ ಆಟವನ್ನು ಮೂವತ್ತು ವರ್ಷ ಆಡಿದವರು. ನಾನು ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಅವರಿಗೆ ಹೇಳಿಕೊಡುವ ಮನಸ್ಸಿದೆ, ನನಗೆ ಕಲಿಯುವ ಆಸೆಯಿದೆ. ಆದರೂ ಕಲಿಕೆ ಮುಂದೆ ಹೋಗುತ್ತಿಲ್ಲ. ನಾನು ಕಾಯಿ ನಡೆಸಿ ಕೈ ತೆಗೆದ ಮೇಲೆ "ಅದಲ್ಲ" ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ "ಆಡ್ತಾ ಆಡ್ತಾ ಕಣ್ಣಿಗೆ ಕಾಣುತ್ತೆ ಬಿಡು" ಎನ್ನುತ್ತಾರೆ. ಅವರ ಕಣ್ಣಿಗೆ ಕಾಣುವುದು ನನಗೆ ಕಾಣುತ್ತಿಲ್ಲ. ತೊಂದರೆ ಇರುವುದೇ ಅಲ್ಲಿ.

ಒಂದು ಆಟ ಹೇಳುತ್ತೇನೆ. ಅಂಕೆಗಳೆಲ್ಲ ನನ್ನ ಕಡೆಯಿಂದ ಎಣಿಸಿದವು. ಪಾಯಿಂಟ್ ಅಂದರೆ ಬೋರ್ಡಿನ ಮನೆ; ಅಲ್ಲಿ ಎರಡು ಕಾಯಿ ಕೂತರೆ ಕಟ್ಟಿದಂತೆ, ಎದುರಾಳಿ ಕಾಲಿಡಲಾಗದು. ಓಟದಲ್ಲಿ ನಾನು ಚೆನ್ನಾಗಿ ಮುಂದಿದ್ದೆ. ಮೇಷ್ಟ್ರ ಎರಡು ಕಾಯಿ ನನ್ನ 5ನೇ ಪಾಯಿಂಟಿನಲ್ಲಿ ಆಂಕರ್ (ಎದುರಾಳಿಯ ಕಡೆ ಕಟ್ಟಿದ ಪಾಯಿಂಟ್) ಹಾಕಿ ಕೂತಿದ್ದವು. ನನ್ನ ಕೊನೆಯ ಎರಡು ಕಾಯಿ 13ರಲ್ಲಿ, ಮೂರು 8ರಲ್ಲಿ, ಮಿಕ್ಕವು ಹೋಮ್ ಬೋರ್ಡಿನಲ್ಲಿ, ಅಂದರೆ ಕೊನೆಯ ಆರು ಮನೆಗಳಲ್ಲಿ. ಅವರ ಉಳಿದ ಕಾಯಿಗಳೆಲ್ಲ 13ನ್ನು ದಾಟಿ ಹೋಗಿದ್ದವು. ಆದರೆ ಅವರ ಹೋಮ್ ಬೋರ್ಡಿನಲ್ಲಿ ಕಟ್ಟಿದ್ದು ಮೂರೇ ಪಾಯಿಂಟ್.

ನನಗೆ 5-1 ಬಿತ್ತು. 8ರಿಂದ ಒಂದನ್ನು 3ಕ್ಕೆ ಇಳಿಸಿ, 1ನ್ನು ಒಳಗೇ ಆಡಿದೆ. ಎಲ್ಲೂ ಒಂಟಿ ಕಾಯಿ ಇಲ್ಲ. ಮೇಷ್ಟ್ರು "ಅದಲ್ಲ" ಎಂದರು. ಮುಂದಿನ ಸರದಿಯಲ್ಲೂ ಒಳಗೇ ಆಡಿ 13ನ್ನು ಹಿಡಿದುಕೊಂಡೆ. ಅಷ್ಟರಲ್ಲಿ ಅವರು ಐದು ಪಾಯಿಂಟ್ ಕಟ್ಟಿದ್ದರು. ಆಮೇಲೆ 5-2 ಬಿತ್ತು. 13ರ ಎರಡನ್ನೂ ಬಿಚ್ಚಿ ಒಂದನ್ನು 8ಕ್ಕೆ, ಇನ್ನೊಂದನ್ನು 11ಕ್ಕೆ ತಂದೆ. ಹತ್ತಿರ ತಂದರೆ ಮುಂದಿನ ಸರದಿಗೆ ಸುಲಭವಾಗಿ ಒಳಗೆ ಸೇರುತ್ತದೆ ಎಂಬ ಲೆಕ್ಕ. ಅವರಿಗೆ 4-2 ಬಿತ್ತು, ಕಡಿದರು. ಬಾರ್ ಮೇಲೆ, ಅಂದರೆ ಕಡಿಸಿಕೊಂಡ ಕಾಯಿ ಮತ್ತೆ ಒಳಬರಲು ಕಾಯುವ ನಡುಪಟ್ಟಿಯಲ್ಲಿ, ಮೂರು ಸರದಿ ನಿಂತೇ ಇದ್ದೆ. ಆಟ ಹೋಯಿತು.

"ಎಂಥ ಕೆಟ್ಟ ಗರ" ಎಂದೆ. ಅವರು ಹೇಳಿದ್ದು: "ನೀನು ಸೋತಿದ್ದು ಈಗಲ್ಲ, 5-1 ಬಿದ್ದಾಗ." ಅಷ್ಟೇ ಹೇಳಿ ಕಾಯಿ ಜೋಡಿಸಲು ಶುರು ಮಾಡಿದರು.

ಆ ಮಾತು ಅವತ್ತಿನಿಂದ ತಲೆಯಲ್ಲೇ ಇದೆ. ಅವರು ಏನು ಕಂಡರು? ಅದಕ್ಕಿಂತ ಮುಖ್ಯವಾಗಿ, ಇಂಥವರಿಂದ ಕಾರಣವನ್ನು ಹೊರಡಿಸುವುದು ಹೇಗೆ?

ಮೂವತ್ತಾರು:

ಮೊದಲು ಲೆಕ್ಕ ನೋಡೋಣ. ಎರಡು ದಾಳಕ್ಕೆ 36 ಗರ. ಒಂಟಿ ಕಾಯಿ ಎಷ್ಟು ದೂರದಲ್ಲಿದ್ದರೆ ಎಷ್ಟು ಗರ ಅದನ್ನು ಕಡಿಯುತ್ತವೆ ಎಂಬುದು ಬಾಯಿಗೆ ಬರಬೇಕು. ದೂರ 1 ಇದ್ದರೆ 11 ಗರ, 2ಕ್ಕೆ 12, 3ಕ್ಕೆ 14, 4ಕ್ಕೆ 15, 5ಕ್ಕೆ 15, 6ಕ್ಕೆ 17. ಅಲ್ಲಿಂದ ಮುಂದೆ ಒಮ್ಮೆಲೇ ಇಳಿಯುತ್ತದೆ: 7ಕ್ಕೆ 6, 8ಕ್ಕೆ 6, 9ಕ್ಕೆ 5, 10ಕ್ಕೆ 3, 11ಕ್ಕೆ 2, 12ಕ್ಕೆ 3. ಅಂದರೆ ಆರರ ಒಳಗಾದರೆ ಹತ್ತಿರ ಇದ್ದಷ್ಟೂ ಕ್ಷೇಮ, ಆರು ದಾಟಿದರೆ ಹೆಚ್ಚುಕಡಿಮೆ ದೂರ ಇದ್ದಷ್ಟೂ ಕ್ಷೇಮ. ಎಲ್ಲಕ್ಕಿಂತ ಕೆಟ್ಟ ಜಾಗ ಸರಿಯಾಗಿ ಆರು.

ನೀವು 11ಕ್ಕೆ ತಂದ ಕಾಯಿ ಅವರ ಆಂಕರಿನಿಂದ ಆರರ ದೂರದಲ್ಲಿತ್ತು. 17 ಗರ. ನಿಮಗೆ 5-2ರಲ್ಲಿ ಇನ್ನೊಂದು ದಾರಿ ಇತ್ತು: 13ರ ಒಂದೇ ಕಾಯಿಯನ್ನು 8ರ ಮೂಲಕ 6ಕ್ಕೆ ಒಯ್ಯುವುದು. ಆಗ ಉಳಿದದ್ದು 13ರಲ್ಲೇ ಒಂಟಿಯಾಗಿ ನಿಲ್ಲುತ್ತಿತ್ತು, ದೂರ 8. ಕಡಿಯುವ ಗರ 6-2, 5-3, 4-4, 2-2, ಅಂದರೆ ಒಟ್ಟು ಆರೇ.

ಇನ್ನೊಂದು ಮಾತು. ಐದು ಪಾಯಿಂಟ್ ಮುಚ್ಚಿದ ಬೋರ್ಡಿಗೆ ಒಳಬರುವ ಗರ 11, ಹೊರಗೇ ನಿಲ್ಲಿಸುವ ಗರ 25. ಮೂರು ಸರದಿ ಸಾಲಾಗಿ ಹೊರಗೆ ನಿಲ್ಲುವುದು ಸುಮಾರು ಮೂರು ಆಟದಲ್ಲಿ ಒಂದು ಸಲ ಆಗುವಂಥದ್ದು. ಅಪರೂಪದ ದುರದೃಷ್ಟ ಅಂತ ಅದನ್ನು ಬರೆದಿಟ್ಟುಕೊಳ್ಳಬೇಡಿ.

ನಡುಮನೆ:

ಒಂದು ತಿದ್ದುಪಡಿ, ಮೂವತ್ತಾರು ಅವರೇ. 11ರ ಕಾಯಿಗೆ 17 ಅಲ್ಲ, 16. 8ನೇ ಪಾಯಿಂಟ್ ಹೊಸಗರ ಅವರ ಕೈಯಲ್ಲೇ ಇದೆ, ಹಾಗಾಗಿ 3-3 ಬಿದ್ದರೆ 5ರಿಂದ 8ಕ್ಕೆ ಕಾಲಿಡಲಾಗದು. ಪಟ್ಟಿ ಬಾಯಿಪಾಠ ಇರಲಿ, ಆದರೆ ಪ್ರತಿ ಸಲ ನಡುವಿನ ಮನೆಗಳನ್ನೂ ನೋಡಬೇಕು.

ಈಗ ಮೇಷ್ಟ್ರು ಕಂಡದ್ದು. 5-1 ಬಿದ್ದಾಗ ನೀವು 13ರಿಂದ ಒಂದನ್ನು 8ಕ್ಕೆ ತಂದು, 1ನ್ನು ಒಳಗೆ ಆಡಿದ್ದರೆ 13ರಲ್ಲಿ ಒಂಟಿ ಕಾಯಿ ಉಳಿಯುತ್ತಿತ್ತು. ಕಡಿಯಲು ಆರು ಗರ. ಎರಡು ಸರದಿ ಕಾದು 5-2ರಲ್ಲಿ ಅತ್ಯುತ್ತಮವಾಗಿ ಆಡಿದ್ದರೂ ಅದೇ 13, ಅದೇ ಒಂಟಿ ಕಾಯಿ, ಅದೇ ಆರು ಗರ. ಅಪಾಯ ಒಂದು ಗರದಷ್ಟೂ ಕಡಿಮೆಯಾಗಲಿಲ್ಲ. ಆದರೆ ಕಡಿಸಿಕೊಂಡ ಮೇಲೆ ತೆರಬೇಕಾದ ಬೆಲೆ ಬೇರೆಯಾಯಿತು. ಮೊದಲ ಸಲ ಅವರ ಬೋರ್ಡಿನಲ್ಲಿ ಮೂರು ಪಾಯಿಂಟ್: ಒಳಬರುವ ಗರ 36ರಲ್ಲಿ 27. ಎರಡನೇ ಸಲ ಐದು ಪಾಯಿಂಟ್: 36ರಲ್ಲಿ 11. ಕಾದಿದ್ದರಿಂದ ನಿಮಗೆ ಸಿಕ್ಕಿದ್ದೇನೂ ಇಲ್ಲ, ಅವರಿಗೆ ಎರಡು ಪಾಯಿಂಟ್ ಸಿಕ್ಕಿತು. ಸಾಲ ತೀರಿಸಲೇಬೇಕು ಅಂತಿದ್ದರೆ ಬಡ್ಡಿ ಏರುವ ಮೊದಲೇ ತೀರಿಸುವುದು ಒಳ್ಳೆಯದು. ನೀವು ಆಡಿದ್ದು ನೋಡಲು ಕ್ಷೇಮದ ನಡೆ, ಅದಕ್ಕೇ ತಪ್ಪು ಕಾಣುವುದಿಲ್ಲ.

ಅವರು ಇದನ್ನೆಲ್ಲ ಹೇಳಲಿಲ್ಲ ಯಾಕೆ ಅಂದರೆ, ಅವರು ಇದನ್ನು ಹಂತ ಹಂತವಾಗಿ ಯೋಚಿಸಿಯೇ ಇರುವುದಿಲ್ಲ. ಬೋರ್ಡ್ ನೋಡಿದ ಕ್ಷಣ 13 ಅವರಿಗೆ ಭಾರವಾಗಿ ಕಂಡಿತು, ಅಷ್ಟೇ. ನಾನೂ ಒಬ್ಬ ಹಿರಿಯ ಆಟಗಾರರ ಕೈಯಲ್ಲಿ ಕಲಿತವಳು. ಎರಡು ವರ್ಷ "ಯಾಕೆ?" ಅಂತ ಕೇಳಿ ಕೇಳಿ ಸೋತೆ. ಆಮೇಲೆ ಪ್ರಶ್ನೆ ಬದಲಿಸಿದೆ. ಬೋರ್ಡಿನಲ್ಲಿ ಏನು ಬೇರೆ ಇದ್ದಿದ್ದರೆ ನನ್ನ ನಡೆ ಸರಿಯಾಗುತ್ತಿತ್ತು? ಇದೊಂದೇ ಪ್ರಶ್ನೆ. ಇದಕ್ಕೆ "ಆಡ್ತಾ ಆಡ್ತಾ ಗೊತ್ತಾಗುತ್ತೆ" ಅಂತ ಉತ್ತರ ಕೊಡಲು ಆಗುವುದಿಲ್ಲ. ನಿಮ್ಮ ಆಟದಲ್ಲೇ ಕೇಳಿದ್ದರೆ, "ನನ್ನ ಬೋರ್ಡಿನಲ್ಲಿ ಆಗಲೇ ಐದು ಪಾಯಿಂಟ್ ಇದ್ದು, ಮುಂದಿನ ಸರದಿಗೆ ಅದು ಒಡೆಯುವ ಹಾಗಿದ್ದರೆ ನೀನು ಕಾಯಬಹುದಿತ್ತು" ಅಂತ ಅವರ ಬಾಯಿಂದಲೇ ಬರುತ್ತಿತ್ತು. ಕಾರಣ ತಾನಾಗಿ ಸಿಕ್ಕಿತಲ್ಲ.

ಇನ್ನೊಂದು, ಕಾಯಿ ಮುಟ್ಟುವ ಮೊದಲು ಎರಡು ನಡೆ ಬಾಯಿಬಿಟ್ಟು ಹೇಳಿ. ಒಂದಲ್ಲ, ಎರಡು. ಒಂದೇ ನಡೆ ಕಂಡರೆ ಇನ್ನೂ ನೋಡಿಲ್ಲ ಅಂತ ಅರ್ಥ. ನೀವು 5-1ರಲ್ಲಿ 13/8 ಅನ್ನುವ ನಡೆಯನ್ನು ಕಂಡು ಬೇಡವೆಂದಿರೋ, ಕಂಡೇ ಇರಲಿಲ್ಲವೋ? ಇದು ಮೇಷ್ಟ್ರಿಗೆ ಗೊತ್ತಾಗಬೇಕು. ಎರಡಕ್ಕೂ ಔಷಧ ಬೇರೆ ಬೇರೆ.

ಹೊಸಗರ:

ನಡುಮನೆ ಮೇಡಂ, ನಿಜ ಹೇಳಬೇಕೆಂದರೆ ಕಂಡೇ ಇರಲಿಲ್ಲ. ಒಂಟಿ ಕಾಯಿ ಬಿಡುವ ನಡೆಗಳನ್ನು ನನ್ನ ಕಣ್ಣು ಮೊದಲೇ ಬದಿಗೆ ತಳ್ಳಿಬಿಡುತ್ತದೆ ಅಂತ ಈಗ ಅರ್ಥವಾಗುತ್ತಿದೆ. "ಅದೇ ಆರು ಗರ" ಅನ್ನುವುದನ್ನು ಓದಿ ಬೋರ್ಡ್ ಜೋಡಿಸಿ ಮತ್ತೆ ನೋಡಿದೆ. ಒಂದು ತಿಂಗಳು ಒದ್ದಾಡಿದ್ದು ಐದು ನಿಮಿಷದಲ್ಲಿ ತಿಳಿಯಿತು. ತುಂಬಾ ಧನ್ಯವಾದ.

ಗ್ನೂಗೆಳೆಯ:

ನನ್ನದು ಬೇರೆ ಅಭಿಪ್ರಾಯ, ಹೇಳಿಬಿಡುತ್ತೇನೆ. ಗ್ನೂ ಬ್ಯಾಕ್‌ಗ್ಯಾಮನ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಆಡಿದ ಆಟವನ್ನು ಅದಕ್ಕೆ ಹಾಕಿದರೆ ಪ್ರತಿ ನಡೆಗೂ ಎಷ್ಟು ಕಳೆದುಕೊಂಡಿರಿ ಅಂತ ಅಂಕೆಯಲ್ಲಿ ಹೇಳುತ್ತದೆ. ಎಕ್ಸ್‌ಟ್ರೀಮ್ ಗ್ಯಾಮನ್ ಅದಕ್ಕಿಂತಲೂ ಬಲವಾದದ್ದು. ಮೂವತ್ತು ವರ್ಷದ ಅನುಭವ ಅಂದರೆ ಮೂವತ್ತು ವರ್ಷದ ಅಭ್ಯಾಸವೂ ಹೌದು, ತಪ್ಪು ಅಭ್ಯಾಸಗಳೂ ಸೇರಿ.

ಒಂದು ನಿದರ್ಶನ. ಮೊದಲ ಗರ 2-1, 4-1 ಅಥವಾ 5-1 ಬಿದ್ದಾಗ ಹಳೆಯ ತಲೆಮಾರಿನವರು ಒಂದು ಕಾಯಿಯನ್ನು 6ರಿಂದ 5ಕ್ಕೆ ಇಳಿಸಿ ಒಂಟಿಯಾಗಿ ಬಿಡುತ್ತಿದ್ದರು. ಕಡಿಸಿಕೊಳ್ಳದಿದ್ದರೆ ಮುಂದಿನ ಸರದಿಯಲ್ಲಿ 5ನೇ ಪಾಯಿಂಟ್ ಕಟ್ಟುವ ಆಸೆ. ಎದುರಾಳಿಯ ಹಿಂದಿನ ಕಾಯಿಗಳಿಗೆ ದೂರ 4, ಕಡಿಯುವ ಗರ 15. 1990ರ ದಶಕದ ಆರಂಭದಲ್ಲಿ ಐಬಿಎಂನಲ್ಲಿದ್ದ ಜೆರಾಲ್ಡ್ ಟೆಸಾರೊ ಟಿಡಿ-ಗ್ಯಾಮನ್ ಅನ್ನುವ ಪ್ರೋಗ್ರಾಂ ಮಾಡಿದರು. ತನ್ನೊಡನೆ ತಾನೇ ಆಡಿಕೊಂಡು ಕಲಿತದ್ದು ಅದು. ಅದರ 2.1ನೇ ಆವೃತ್ತಿ ಹಾಗೆ ಆಡಿದ್ದು ಸುಮಾರು 15 ಲಕ್ಷ ಆಟ. ಅದು ಈ ಗರಗಳಿಗೆ ಹಿಂದಿನ ಒಂದು ಕಾಯಿಯನ್ನು 24ರಿಂದ 23ಕ್ಕೆ ಸರಿಸುವುದೇ ಮೇಲು ಎಂದಿತು. ದೊಡ್ಡ ದೊಡ್ಡ ಆಟಗಾರರು ಪರಿಶೀಲಿಸಿ ಒಪ್ಪಿಕೊಂಡು ತಮ್ಮ ಆಟ ಬದಲಿಸಿದರು. ನಿಮ್ಮ ಮೇಷ್ಟ್ರು ಈಗಲೂ 4-1ಕ್ಕೆ 5ರಲ್ಲಿ ಒಂಟಿ ಕಾಯಿ ಬಿಡುತ್ತಾರಾ, ಗಮನಿಸಿ.

ಹೊಸಗರ:

ಹೌದು, ಬಿಡುತ್ತಾರೆ! ನನಗೂ ಹಾಗೇ ಕಲಿಸಿದ್ದಾರೆ.

ನಡುಮನೆ:

ಗ್ನೂಗೆಳೆಯ ಹೇಳಿದ ವಿಷಯ ನಿಜ. 4-1, 5-1ಕ್ಕೆ ಈಗ ಯಾರೂ ಹಾಗೆ ಆಡಬೇಕಿಲ್ಲ. 2-1ಕ್ಕೆ ಮಾತ್ರ ಎರಡೂ ನಡೆ ಇವತ್ತಿಗೂ ಹತ್ತಿರ ಹತ್ತಿರ ಇವೆ. ಆದರೆ ಆ ಹಳೆಯ ನಡೆಯಿಂದ ಆಗುವ ನಷ್ಟ ಸಣ್ಣದು. ಎಂಟು ತಿಂಗಳ ಆಟಗಾರ ಮಧ್ಯದ ಆಟದಲ್ಲಿ ಒಂದೇ ನಡೆಯಲ್ಲಿ ಅದರ ಹತ್ತರಷ್ಟು ಕಳೆದುಕೊಳ್ಳಬಹುದು. ಮೇಷ್ಟ್ರ ಹಳೆಯ ಆರಂಭದ ನಡೆ ನೋಡಿ ಅವರು 13ನ್ನು ಯಾವಾಗ ಬಿಚ್ಚುತ್ತಾರೆ ಅನ್ನುವುದನ್ನು ಕಲಿಯದೆ ಬಿಟ್ಟರೆ ನಷ್ಟ ದೊಡ್ಡದು.

ಇನ್ನೊಂದು ವಿಷಯ. ಎಂಜಿನ್, ಅಂದರೆ ಇಂಥ ಪ್ರೋಗ್ರಾಂ, "ಇದು ಸರಿ, ಅದು 0.08 ಕಡಿಮೆ" ಅನ್ನುತ್ತದೆ. ಅದಕ್ಕಿಂತ ಮುಂದೆ ಮಾತಾಡುವುದಿಲ್ಲ. ಅದೂ "ಅದಲ್ಲ" ಅನ್ನುವ ಮೇಷ್ಟ್ರೇ ಆಯಿತಲ್ಲ! ಅಲ್ಲೂ ನಾವು ಅದೇ ಪ್ರಶ್ನೆ ಕೇಳಬೇಕು. ಬೋರ್ಡಿನಲ್ಲಿ ಒಂದು ಕಾಯಿ ಸರಿಸಿ ಮತ್ತೆ ಲೆಕ್ಕ ಹಾಕಿಸಬೇಕು. ಎದುರಾಳಿಯ ಬೋರ್ಡಿನಿಂದ ಒಂದು ಪಾಯಿಂಟ್ ಕಿತ್ತು ನೋಡಿ, ಉತ್ತರ ತಿರುಗುತ್ತದೆಯೇ? ತಿರುಗಿದರೆ ಕಾರಣ ಸಿಕ್ಕಿತು. ಎಂಜಿನ್ನಿನ ನಿಜವಾದ ಉಪಯೋಗ ಇದು. ಬರೀ ಕೆಂಪು ಗುರುತು ಎಣಿಸುತ್ತ ಕೂತರೆ ಕಲಿಕೆ ಆಗುವುದಿಲ್ಲ.

ಗ್ನೂಗೆಳೆಯ:

ಒಂದು ಕಾಯಿ ಸರಿಸಿ ಮತ್ತೆ ಕೇಳುವುದನ್ನು ನಾನು ಮಾಡಿಯೇ ಇಲ್ಲ. ಇವತ್ತೇ ಮಾಡುತ್ತೇನೆ. ಆದರೂ ಮೇಷ್ಟ್ರ ಮಾತನ್ನು ಯಾವುದರಿಂದಲಾದರೂ ಪರೀಕ್ಷಿಸಲೇಬೇಕು ಅನ್ನುವುದನ್ನು ಬಿಡುವುದಿಲ್ಲ.

ಸಾವಧಾನ:

ನಾನು ಬೋರ್ಡಿನ ಆ ಬದಿಯವನು. ಅಂದರೆ "ಅದಲ್ಲ" ಅನ್ನುವವನು. ಹಲವು ವರ್ಷಗಳಿಂದ ಚಿಕ್ಕವರ ಜೊತೆ ಆಡಿ ಹೇಳಿಕೊಡುತ್ತಿದ್ದೇನೆ. ಹೊಸಗರ ಅವರ ಮೇಷ್ಟ್ರ ಪರವಾಗಿ ಒಂದೆರಡು ಮಾತು ಹೇಳಬೇಕು ಅನ್ನಿಸಿತು.

ನಮಗೆ ಕಾರಣ ಗೊತ್ತಿದ್ದೂ ಮುಚ್ಚಿಡುತ್ತೇವೆ ಅಂದುಕೊಳ್ಳಬೇಡಿ. ಸಾವಿರ ಸಲ ಕಂಡ ಆಕಾರ ಮತ್ತೆ ಕಂಡಾಗ ಕೈ ತಾನಾಗಿ ಹೋಗುತ್ತದೆ. ಅದನ್ನು ಮಾತಾಗಿಸಲು ಹೊರಟರೆ ಕೆಲವು ಸಲ ಸುಳ್ಳು ಕಾರಣ ಬಾಯಿಗೆ ಬರುತ್ತದೆ. ಕೇಳುವವರು ಅದನ್ನೇ ನಂಬಿ ಇನ್ನೊಂದು ಕಡೆ ಬಳಸಿ ಕೆಡುತ್ತಾರೆ. ಆ ಹೆದರಿಕೆಯಿಂದಲೂ ಸುಮ್ಮನಾಗುತ್ತೇವೆ.

ನಾನು ಮಾಡುವುದು ಇಷ್ಟು. ಒಂದು ಬೈಠಕ್ಕಿನಲ್ಲಿ ಒಂದೇ ಆಟ ಮಾತಿನ ಆಟ, ಮಿಕ್ಕವು ಮೌನದ ಆಟ. ಪ್ರತಿ ನಡೆಗೂ ಹೇಳಿದರೆ ಕಲಿಯುವವರು ನನ್ನ ಮುಖ ನೋಡಿ ಆಡಲು ಶುರು ಮಾಡುತ್ತಾರೆ, ಬೋರ್ಡ್ ನೋಡುವುದಿಲ್ಲ. ಮಾತಿನ ಆಟದಲ್ಲಿ ಮೂರು ವಿಷಯ ಪದೇ ಪದೇ ಕೇಳುತ್ತೇನೆ: ಎದುರಾಳಿಯ ಬೋರ್ಡ್ ಎಷ್ಟು ಗಟ್ಟಿ? ನಿನಗೆ ಆಂಕರ್ ಇದೆಯೇ? ಹಿಂದೆ ಯಾರ ಕಾಯಿ ಎಷ್ಟಿವೆ? ಹೆಸರಾಂತ ಬ್ಯಾಕ್‌ಗ್ಯಾಮನ್ ಆಟಗಾರ ಪಾಲ್ ಮ್ಯಾಗ್ರಿಯಲ್ 1970ರ ದಶಕದಲ್ಲಿ ಕ್ಷೇಮದ ನಡೆ, ಧೈರ್ಯದ ನಡೆ ಅಂತ ಬೇರ್ಪಡಿಸಿ ಕೊಟ್ಟ ಅಳತೆಗೋಲು ಇದು. ಎದುರಾಳಿಯ ಬೋರ್ಡ್ ಬಡಕಲಾಗಿದ್ದರೆ ಧೈರ್ಯ ಮಾಡು. ನಿನಗೆ ಆಂಕರ್ ಇದ್ದರೆ ಧೈರ್ಯ ಮಾಡು, ಕಡಿಸಿಕೊಂಡರೂ ಕಾಲೂರಲು ಜಾಗವಿದೆ. ಎದುರಾಳಿಯ ಹೆಚ್ಚು ಕಾಯಿ ನಿನ್ನ ಕಡೆ ಸಿಕ್ಕಿಬಿದ್ದಿದ್ದರೆ ಧೈರ್ಯ ಮಾಡು. ಇವೆಲ್ಲ ತಿರುಗಾಮುರುಗಾ ಆಗಿದ್ದರೆ ತೆಪ್ಪಗೆ ಕ್ಷೇಮವಾಗಿ ಆಡು. ನಡುಮನೆ ಅವರ ಪ್ರಶ್ನೆ ಕೇಳುವಾಗ ಬದಲಿಸಿ ನೋಡಬೇಕಾದ್ದೂ ಈ ಮೂರನ್ನೇ.

ಮೂವರು ಸಿಕ್ಕರೆ ಶೂಎಟ್ ಆಡಿ. ಒಬ್ಬರು ಒಂದು ಬದಿ, ಮಿಕ್ಕವರು ಇನ್ನೊಂದು ಬದಿಯಲ್ಲಿ ಒಂದೇ ತಂಡ. ಮೇಷ್ಟ್ರು ನಿಮ್ಮದೇ ತಂಡದಲ್ಲಿ ಕೂತರೆ, ನಡೆ ನಿರ್ಧಾರವಾಗುವ ಮೊದಲು ನಡೆಯುವ ವಾದ ನಿಮ್ಮ ಕಿವಿಗೆ ಬೀಳುತ್ತದೆ. ಎದುರಾಳಿಯಾಗಿ ಕೂತವರು ಎಷ್ಟೇ ಉದಾರಿಯಾದರೂ ಅಷ್ಟು ಬಿಚ್ಚಿ ಹೇಳಲಾರರು.

ಒಂಟಿಕಾಯಿ:

ಎಲ್ಲರಿಗೂ ನಮಸ್ಕಾರ. ನಾನು ಎರಡು ತಿಂಗಳ ಹೊಸಬಳು. ಇಷ್ಟೆಲ್ಲ ಕಲಿತರೂ ಕೊನೆಗೆ ದಾಳವೇ ತೀರ್ಮಾನ ಮಾಡುತ್ತದಲ್ಲ ಅನ್ನುವ ಬೇಸರ ನನಗಿದೆ. ನಿನ್ನೆ ಎಲ್ಲ ಸರಿಯಾಗಿ ಆಡಿ ಸೋತೆ. ಸರಿ ಆಡಿದ್ದೆ ಅಂತ ಗೊತ್ತಾಗುವುದಾದರೂ ಹೇಗೆ?

ಸಾವಧಾನ:

ಈ ಬೇಸರ ಬಹಳ ಹಳೆಯದಮ್ಮ. ಬ್ಯಾಕ್‌ಗ್ಯಾಮನ್ನಿನ ಪೂರ್ವಜ ಟ್ಯಾಬುಲಾ ಆಟವನ್ನು ರೋಮನ್ನರು ಮೂರು ದಾಳದಲ್ಲಿ ಆಡುತ್ತಿದ್ದರು. ಐದನೇ ಶತಮಾನದ ಚಕ್ರವರ್ತಿ ಜೀನೋಗೆ ಒಮ್ಮೆ 2, 5, 6 ಬಿದ್ದು, ಚೆನ್ನಾಗಿದ್ದ ಆಟ ಕೆಟ್ಟು ಎಂಟು ಕಾಯಿ ಒಂಟಿ ಒಂಟಿಯಾಗಿ ಚದುರಿದವು. ಆ ದುರದೃಷ್ಟದ ಗರವನ್ನು ಅಗಾಥಿಯಸ್ ಎಂಬ ಕವಿ ಪದ್ಯದಲ್ಲಿ ಬರೆದಿಟ್ಟ. ಹದಿನೈದು ಶತಮಾನದ ಮೇಲೂ ಆ ಬೋರ್ಡನ್ನು ಹಾಗೆಯೇ ಜೋಡಿಸಿ ನೋಡಬಹುದು.

ಆದರೆ ನಿನ್ನ ಪ್ರಶ್ನೆಗೆ ಇನ್ನೂ ಹತ್ತಿರದ ಘಟನೆ 1979ರದ್ದು. ಮಾಂಟೆಕಾರ್ಲೋದಲ್ಲಿ ಹಾನ್ಸ್ ಬರ್ಲಿನರ್ ಬರೆದ ಬಿಕೆಜಿ 9.8 ಎಂಬ ಪ್ರೋಗ್ರಾಂ ಆಗಿನ ವಿಶ್ವ ಚಾಂಪಿಯನ್ ಲೂಯಿಜಿ ವಿಲ್ಲಾ ಅವರನ್ನು 7-1ರಿಂದ ಸೋಲಿಸಿತು. ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ಬರ್ಲಿನರ್ ಅವರೇ ಕೂತು ಆಟಗಳನ್ನು ಒಂದೊಂದಾಗಿ ನೋಡಿದರು. ಚೆನ್ನಾಗಿ ಆಡಿದ್ದು ವಿಲ್ಲಾ, ತನ್ನ ಪ್ರೋಗ್ರಾಂಗೆ ದಾಳ ಒಲಿದಿತ್ತು ಎಂದು ಅವರೇ ಒಪ್ಪಿಕೊಂಡರು. ಗೆದ್ದ ಬದಿಯವರೇ ಆ ಮಾತು ಹೇಳಿದ್ದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ನಡೆಯನ್ನು ನೋಡಬೇಕು, ಮುಂದೆ ಬಿದ್ದ ಗರವನ್ನಲ್ಲ. ಹೊಸಗರ ಅವರ ಮೇಷ್ಟ್ರು 5-1 ಬಿದ್ದಾಗಲೇ "ಅದಲ್ಲ" ಎಂದರು, ಕಡಿಯುವ ಮೊದಲೇ. ಅವರ ಮಾತಿಗೆ ಬೆಲೆ ಬಂದಿರುವುದು ಅದರಿಂದ. ಆ ಆಟವನ್ನು ಹೊಸಗರ ಗೆದ್ದಿದ್ದರೂ ಅದು ತಪ್ಪೇ.

ಒಂಟಿಕಾಯಿ:

ಅರ್ಥವಾಯಿತು ಸರ್. ನಿನ್ನೆಯ ಆಟ ನೆನಪಿದೆ, ಬರೆದಿಟ್ಟುಕೊಂಡು ನೋಡುತ್ತೇನೆ.

ಮೂವತ್ತಾರು:

ಗರದ ಮೇಲಿನ ಸಿಟ್ಟು ಕಡಿಮೆಯಾಗಲು ಎಣಿಕೆ ದೊಡ್ಡ ಸಹಾಯ. ಒಂದು ಅಂಕೆ ಬೇಕಾದರೆ 11 ಗರ, ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಎರಡು ಅಂಕೆಗಳಲ್ಲಿ ಯಾವುದಾದರೂ ಆದರೆ 20. ಮೂರು ಅಂಕೆ ಆದರೆ 27. ಬಾರ್‌ನಿಂದ ಒಳಬರುವ ಲೆಕ್ಕವೂ ಇದೇ. ಪ್ರತಿ ನಡೆಗೂ ಇದನ್ನು ಹೇಳಿಕೊಂಡರೆ ಯಾವುದು ನಿಜವಾದ ಅಪರೂಪ, ಯಾವುದು ಮಾಮೂಲಿ ಅಂತ ಮನಸ್ಸಿಗೆ ಹತ್ತುತ್ತದೆ.

ಹಾಗೆಯೇ ಪಿಪ್ ಎಣಿಕೆ, ಅಂದರೆ ಕಾಯಿಗಳೆಲ್ಲ ಹೊರಹೋಗಲು ಇನ್ನೂ ನಡೆಯಬೇಕಾದ ಮನೆಗಳ ಲೆಕ್ಕ. ಶುರುವಿಗೆ ಇಬ್ಬರಿಗೂ 167. 24ರಲ್ಲಿ ಎರಡು ಕಾಯಿ 48, 13ರಲ್ಲಿ ಐದು 65, 8ರಲ್ಲಿ ಮೂರು 24, 6ರಲ್ಲಿ ಐದು 30. ಒಂದು ಗರಕ್ಕೆ ಸರಾಸರಿ ಎಂಟು ಚಿಲ್ಲರೆ ಪಿಪ್. ಓಟದಲ್ಲಿ ಯಾರು ಮುಂದೆ ಅಂತ ಗೊತ್ತಿಲ್ಲದೆ ಓಡಬೇಕೋ ಕಟ್ಟಬೇಕೋ ತೀರ್ಮಾನಿಸಲು ಆಗುವುದಿಲ್ಲ.

ಹೊಸಗರ:

ಓಟದ ಮಾತು ಬಂದದ್ದರಿಂದ ಕೇಳುತ್ತೇನೆ. ಕ್ಯೂಬ್, ಅಂದರೆ ಆಟದ ಪಣವನ್ನು ಇಮ್ಮಡಿ ಮಾಡಲು ಬಳಸುವ ದಾಳ, ನನಗೆ ಕಗ್ಗಂಟು. ಕಳೆದ ವಾರ ಬರೀ ಓಟ ಉಳಿದಿತ್ತು, ಯಾರ ಕಾಯಿಯೂ ಯಾರಿಗೂ ಎದುರಾಗುವಂತಿರಲಿಲ್ಲ. ನಂದು 80 ಪಿಪ್, ಅವರದು 88. ನನ್ನದೇ ಸರದಿ, ಕ್ಯೂಬ್ ಇನ್ನೂ ನಡುವಿನಲ್ಲಿತ್ತು. ಡಬಲ್ ಕೊಡಲು, ಅಂದರೆ ಪಣ ಇಮ್ಮಡಿ ಮಾಡೋಣವೇ ಎಂದು ಕೇಳಲು, ಧೈರ್ಯ ಬರಲಿಲ್ಲ. ಕೊನೆಗೆ ಗೆದ್ದೆ, ಆದರೆ ಮೇಷ್ಟ್ರು "ಒಂದು ಪಾಯಿಂಟ್ ಬಿಟ್ಟುಕೊಟ್ಟೆ" ಎಂದರು.

ಮೂವತ್ತಾರು:

ಎದುರಾಟ ಮುಗಿದ ಉದ್ದದ ಓಟಕ್ಕೆ 8-9-12 ಅನ್ನುವ ಸೂತ್ರವಿದೆ. ನಿಮ್ಮ ಪಿಪ್‌ನ ಶೇಕಡಾ 8ರಷ್ಟು ಮುಂದಿದ್ದರೆ ಮೊದಲ ಡಬಲ್ ಕೊಡಬಹುದು, 9ರಷ್ಟಿದ್ದರೆ ನಿಮ್ಮ ಬಳಿ ಇರುವ ಕ್ಯೂಬನ್ನು ಮತ್ತೆ ತಿರುಗಿಸಬಹುದು, 12ರವರೆಗೆ ಎದುರಾಳಿ ತೆಗೆದುಕೊಂಡು ಇಮ್ಮಡಿ ಪಣಕ್ಕೆ ಆಡಬಹುದು; ಬಿಟ್ಟರೆ ಹಳೆಯ ಪಣವನ್ನು ಅಲ್ಲೇ ಸೋತಂತೆ. 80ಕ್ಕೆ 8 ಪಿಪ್ ಅಂದರೆ ಸರಿಯಾಗಿ ಶೇಕಡಾ 10. ಕೊಡಲೇಬೇಕಿತ್ತು, ಅವರು ತೆಗೆದುಕೊಳ್ಳುವುದೂ ಸರಿಯೇ. 90 ಇದ್ದಿದ್ದರೆ ಅವರು ಬಿಡಬೇಕಿತ್ತು.

ತೆಗೆದುಕೊಳ್ಳುವುದರ ಹಿಂದಿನ ಲೆಕ್ಕ ಹೀಗೆ. ಅದೇ ಬೋರ್ಡ್ ನಾಲ್ಕು ಸಲ ಬಂತು ಅಂದುಕೊಳ್ಳಿ. ನಾಲ್ಕೂ ಸಲ ಬಿಟ್ಟರೆ ನಷ್ಟ 4. ನಾಲ್ಕೂ ಸಲ ತೆಗೆದುಕೊಂಡು ಒಂದನ್ನು ಗೆದ್ದರೆ, ಮೂರು ಸೋಲಿಗೆ 6 ಹೋಗಿ ಒಂದು ಗೆಲುವಿಗೆ 2 ಬಂದು ನಷ್ಟ ಅದೇ 4. ಹಾಗಾಗಿ ನಾಲ್ಕರಲ್ಲಿ ಒಂದು ಗೆಲ್ಲುವ ಹಾಗಿದ್ದರೆ ತೆಗೆದುಕೊಳ್ಳಿ. ಕ್ಯೂಬ್ ಕೈಗೆ ಬಂದರೆ ಮುಂದೆ ತಿರುಗಿಸುವ ಹಕ್ಕು ಸಿಗುವುದರಿಂದ ಅದಕ್ಕಿಂತ ತುಸು ಕಡಿಮೆ ಇದ್ದರೂ ನಡೆಯುತ್ತದೆ. ಗ್ಯಾಮನ್ (ಒಂದು ಕಾಯಿಯೂ ಹೊರಹೋಗದೆ ಇಮ್ಮಡಿ ಸೋಲುವುದು) ಸೋಲುವ ಭಯವಿದ್ದರೆ ಅಷ್ಟು ಸಾಲದು.

ನಡುಮನೆ:

ಕ್ಯೂಬ್ ವಿಷಯಕ್ಕೆ ಹೆಸರಾಂತ ಆಟಗಾರ ಕಿಟ್ ವೂಲ್ಸಿ ಅವರ ನಿಯಮ ನನಗೆ ಬಹಳ ಇಷ್ಟ. ಡಬಲ್ ಕೊಡಬೇಕೋ ಬೇಡವೋ ಎಂಬ ಅನುಮಾನ ಬಂದಾಗ, ಎದುರಾಳಿ ಜಾಗದಲ್ಲಿ ಕೂತು ಕೇಳಿಕೊಳ್ಳಿ: ಇದು ತೆಗೆದುಕೊಳ್ಳುವಂಥದ್ದೋ ಬಿಡುವಂಥದ್ದೋ? ಅದು ಖಚಿತವಾಗಿ ಗೊತ್ತಾಗದಿದ್ದರೆ ಡಬಲ್ ಕೊಡುವುದೇ ಸರಿ. ನಿಮಗೇ ಗೊತ್ತಾಗದ್ದು ಎದುರು ಕೂತವರಿಗೂ ಕಷ್ಟವೇ, ಅವರೂ ತಪ್ಪಬಹುದು.

ಮೇಷ್ಟ್ರಿಂದ ಕ್ಯೂಬ್ ಕಲಿಯಲು ಒಂದು ದಾರಿ ಇದೆ. ನಿಮ್ಮ ಸರದಿಯಲ್ಲಿ ದಾಳ ಎತ್ತುವ ಮೊದಲು, "ಈಗ ಕೊಟ್ಟರೆ ತಗೋತೀರಾ?" ಅಂತ ಮಾತಿನ ಆಟದಲ್ಲಿ ಪ್ರತಿ ಸಲ ಕೇಳಿ. ಯಾವ ಸರದಿಯಲ್ಲಿ ಅವರ ಉತ್ತರ "ತಗೋತೀನಿ"ಯಿಂದ "ಇಲ್ಲ"ಕ್ಕೆ ತಿರುಗಿತು ಎಂದು ಗುರುತು ಹಾಕಿಕೊಳ್ಳಿ. ಆ ಎರಡು ಸರದಿಯ ನಡುವೆ ಬೋರ್ಡಿನಲ್ಲಿ ಏನು ಬದಲಾಯಿತೋ ಅದೇ ಪಾಠ.

ಹೊಸಗರ (ಮೂರು ವಾರದ ನಂತರ):

ವರದಿ ಒಪ್ಪಿಸಲು ಬಂದಿದ್ದೇನೆ.

ಮೊದಲ ವಾರ ಎರಡು ನಡೆ ಬಾಯಿಬಿಟ್ಟು ಹೇಳುವುದು ಶುರು ಮಾಡಿದೆ. ತುಂಬ ನಿಧಾನವಾಯಿತು. ಮೇಷ್ಟ್ರು ಬೇಸರಪಟ್ಟಾರು ಅಂದುಕೊಂಡಿದ್ದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹತ್ತು ನಿಮಿಷದಲ್ಲೇ ಒಂದು ವಿಷಯ ಹೊರಬಿತ್ತು. ನಾನು ಹೇಳುವ ಎರಡೂ ನಡೆ ಪ್ರತಿ ಸಲ ಕ್ಷೇಮದ ನಡೆಗಳೇ. "ಎರಡನೆಯದು ನಿನಗೆ ಭಯ ಹುಟ್ಟಿಸುವಂಥದ್ದಾಗಿರಲಿ" ಎಂದರು. ಎಂಟು ತಿಂಗಳಲ್ಲಿ ಅವರು ಹೇಳಿದ ಅತಿ ಸ್ಪಷ್ಟವಾದ ಮಾತು ಅದು.

ಎರಡನೇ ವಾರ ನಡುಮನೆ ಮೇಡಂ ಅವರ ಪ್ರಶ್ನೆ ಕೇಳಿದೆ. ನಾನು ನನ್ನ ಹೋಮ್ ಬೋರ್ಡಿನಲ್ಲಿ ಅವರ ಒಂಟಿ ಕಾಯಿಯನ್ನು ಕಡಿಯದೆ ಬಾರ್ ಪಾಯಿಂಟ್ (7ನೇ ಪಾಯಿಂಟ್) ಕಟ್ಟಿದ್ದೆ. "ಅದಲ್ಲ" ಎಂದರು. "ಏನು ಬೇರೆ ಇದ್ದಿದ್ದರೆ ಇದು ಸರಿಯಾಗುತ್ತಿತ್ತು?" ಎಂದೆ. ಅವರು ಸುಮ್ಮನಾದರು. ಬಹಳ ಹೊತ್ತು ಬೋರ್ಡ್ ನೋಡಿದರು. ಆಮೇಲೆ ತಮ್ಮ ಬದಿಯ ಎರಡು ಕಾಯಿ ತೆಗೆದು ಬೇರೆ ಕಡೆ ಇಟ್ಟು, "ನನಗೆ ಮುಂದಿನ ಸರದಿಗೆ ಆಂಕರ್ ಕಟ್ಟೋಕೆ ನಾಲ್ಕು ಬೇಕು, ನಿನ್ನನ್ನ ಕಡಿಯೋಕೂ ನಾಲ್ಕೇ ಬೇಕು ಅಂತಿದ್ದಿದ್ದರೆ ನೀನು ಕಡಿಯಬೇಕಾಗಿರಲಿಲ್ಲ. ಒಂದೇ ಅಂಕೆ ಎರಡು ಕೆಲಸ ಮಾಡಲಾರದು. ಈಗ ನನಗೆ ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಮೂರು. ಅರ್ಧಕ್ಕಿಂತ ಹೆಚ್ಚು ಗರ ನನಗೆ ಒಳ್ಳೆಯವು" ಎಂದರು. ಎರಡು ಅಂಕೆಗೆ 20 ಗರ, ಒಂದೇ ಅಂಕೆಗೆ 11. ಮೂವತ್ತಾರು ಅವರು ಹೇಳಿದ ಲೆಕ್ಕ ಬೋರ್ಡಿನ ಮೇಲೆ ನಿಂತಿತ್ತು.

ನಾನು 20 ಎಂದಾಗ ಅವರು ತಲೆಯೆತ್ತಿ ನೋಡಿದರು. ಅವರು ಯಾವತ್ತೂ ಹಾಗೆ ಎಣಿಸಿಯೇ ಇರಲಿಲ್ಲವಂತೆ. "ಜಾಸ್ತಿ ಅಂತ ಗೊತ್ತಿತ್ತು, ಎಷ್ಟು ಅಂತ ಗೊತ್ತಿರಲಿಲ್ಲ" ಎಂದರು.

4-1ರ ವಿಷಯವನ್ನೂ ಹೇಳಿದೆ, ಬಹಳ ಅಂಜುತ್ತಲೇ. ಗ್ನೂ ಬ್ಯಾಕ್‌ಗ್ಯಾಮನ್ ತೆರೆದು ತೋರಿಸಿದೆ. ಅವರು ತೆರೆಯನ್ನು ನೋಡಿ, ಹಿಂದಿನ ಕಾಯಿಯನ್ನು ತಾವೇ 24ರಿಂದ 23ಕ್ಕೆ ಸರಿಸಿ, ವಾಪಸ್ ಇಟ್ಟು, ಮತ್ತೆ ಸರಿಸಿದರು. "ಇದರಿಂದ ನನಗೆ ಏನು ಸಿಗುತ್ತೆ?" ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಇಲ್ಲಿ ಯಾರಾದರೂ ಹೇಳುತ್ತೀರಾ? ಅವರಿಗೆ ಉತ್ತರ ಕೊಡಬೇಕಿದೆ.

ನಡುಮನೆ:

ಓದಿ ಬಹಳ ಸಂತೋಷವಾಯಿತು.

ಉತ್ತರ ಹೀಗೆ ಹೇಳಿ ನೋಡಿ. 24ರಲ್ಲಿ ಎರಡೂ ಕಾಯಿ ಒಂದೇ ಕಡೆ ಕೂತಿದ್ದರೆ ಅವು ಒಂದೇ ಮನೆಯಿಂದ ನೋಡುತ್ತವೆ. ಒಂದನ್ನು 23ಕ್ಕೆ ಸರಿಸಿದರೆ ಎರಡು ಕಡೆಯಿಂದ ನೋಡುತ್ತವೆ. ಮುಂದಿನ ಸರದಿಗೆ ಎದುರಾಳಿಯ ಬೋರ್ಡಿನಲ್ಲಿ ಇನ್ನೂ ಮುಂದಿರುವ ಮನೆಯಲ್ಲಿ ಆಂಕರ್ ಕಟ್ಟುವ ಗರಗಳು ಹೆಚ್ಚುತ್ತವೆ. ಎದುರಾಳಿ ತನ್ನ ಹೊರ ಬೋರ್ಡಿನಲ್ಲಿ ಒಂಟಿ ಕಾಯಿ ತಂದಿಡಲು ಹಿಂಜರಿಯುತ್ತಾನೆ, ಕಡಿಯುವ ಗರ ಹೆಚ್ಚಾಗಿದೆ. ಇಷ್ಟು ಸಿಗುವುದು ಒಂದೇ ಪಿಪ್‌ನಲ್ಲಿ. 5ರಲ್ಲಿ ಒಂಟಿ ಬಿಟ್ಟು ಕಡಿಸಿಕೊಂಡರೆ 20 ಪಿಪ್ ಹೋಗುತ್ತದೆ.

ಸಾವಧಾನ:

ನಿಮ್ಮ ಮೇಷ್ಟ್ರು ಆ ಕಾಯಿಯನ್ನು ಸರಿಸಿ, ವಾಪಸ್ ಇಟ್ಟು, ಮತ್ತೆ ಸರಿಸಿದರು ಅಂದಿರಲ್ಲ. ನಾನೂ ಈಗ ಬೋರ್ಡ್ ತೆಗೆದು ಅದನ್ನೇ ಮಾಡುತ್ತಿದ್ದೇನೆ. ನಾನೂ ಇಷ್ಟು ವರ್ಷ 5-1ಕ್ಕೆ ಹಳೆಯ ನಡೆಯನ್ನೇ ಆಡಿದವನು.

ಒಂಟಿಕಾಯಿ:

ಮಧ್ಯೆ ಬಂದೆ, ಕ್ಷಮಿಸಿ. ಆ 23ರ ಕಾಯಿಯನ್ನು ಎದುರಾಳಿ ಅಲ್ಲೇ ಕಡಿದರೆ?

ನಡುಮನೆ:

ಕಡಿಯಲಿ. ಆಗ ಅವನ ಕಾಯಿ ಅವನದೇ 2ನೇ ಪಾಯಿಂಟಿನಲ್ಲಿ, ಆಟದ ಶುರುವಿಗೇ ಆಳಕ್ಕೆ ಇಳಿದು ಕೂರುತ್ತದೆ. ನಿಮಗೆ ಹೋದದ್ದು ಎರಡೇ ಪಿಪ್. ಅವನ ಬೋರ್ಡಿನಲ್ಲಿ ಇನ್ನೂ 6 ಬಿಟ್ಟರೆ ಬೇರೆ ಪಾಯಿಂಟ್ ಇಲ್ಲ, ಒಳಬರದ ಗರ 6-6 ಒಂದೇ. ಆ ಆಳದ ಕಾಯಿಯನ್ನು ನೀವು ವಾಪಸ್ ಕಡಿದರೆ ಅವನಿಗೆ ಹೋಗುವುದು 23 ಪಿಪ್. ಬೋರ್ಡ್ ಜೋಡಿಸಿ, ಯಾವ ಯಾವ ಗರಕ್ಕೆ ವಾಪಸ್ ಕಡಿಯಬಹುದು ಎಣಿಸಿ ಇಲ್ಲಿ ಬರೆಯಿರಿ. ಸರಿ ಇದೆಯೇ ಅಂತ ನಾವು ನೋಡುತ್ತೇವೆ.